ಎಲ್ಲದಕ್ಕೂ ಒಂದೇ ರಿಮೋಟು

2012ರ ಜನವರಿ. ವರ್ಷದ ಲೆಕ್ಕ ಮುಚ್ಚುವ ವಾರ. ಆಫೀಸಿನಲ್ಲಿ ನನಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅಂಥ ಹೊತ್ತಿನಲ್ಲೇ ಮನೆಯಿಂದ ಅಪ್ಪನ ಫೋನು.

“ಮತ್ತೆ ನೀಲಿ ಬಂತು ಕಣೋ.”

ನೀಲಿ ಎಂದರೆ ಟಿವಿಯ ಖಾಲಿ ಪರದೆ. ಯಾವುದೋ ಗುಂಡಿ ತಾಗಿ ಇನ್‌ಪುಟ್ ಬದಲಾಗಿದೆ, ಅಷ್ಟೆ. ಆದರೆ ಅದನ್ನು ಫೋನಿನಲ್ಲಿ ಸರಿಪಡಿಸುವುದು ಅಷ್ಟೆ ಅಲ್ಲ. “ಕರೀ ರಿಮೋಟ್ ತಗೊಳ್ಳಿ ಅಪ್ಪ.” “ಇಲ್ಲಿ ಮೂರು ಕರೀದಿದೆ.” “ಉದ್ದ ಇರೋದು.” “ಎರಡು ಉದ್ದ ಇದೆ.” ನಮ್ಮ ಮನೆಯಲ್ಲಿ ಆಗ ರಿಮೋಟುಗಳು ಐದು: ಟಿವಿಗೊಂದು, ಕೇಬಲ್ ಪೆಟ್ಟಿಗೆಗೊಂದು, ಡಿವಿಡಿಗೊಂದು, ಸ್ಪೀಕರುಗಳ ಆಂಪ್ಲಿಫಯರಿಗೊಂದು, ಕನ್ನಡ ಚಾನೆಲ್ ತರುವ ಪುಟ್ಟ ಇಂಟರ್‌ನೆಟ್ ಪೆಟ್ಟಿಗೆಗೊಂದು. ಹೊರಗೆ ಮೈನಸ್ ಹದಿನೆಂಟು ಡಿಗ್ರಿ. ತಿಪಟೂರಿನಿಂದ ಬಂದ ಇಬ್ಬರು ವೃದ್ಧರಿಗೆ ಮಿಸ್ಸಿಸಾಗದ ಚಳಿಗಾಲದಲ್ಲಿ ಆ ಟಿವಿ ಬಿಟ್ಟರೆ ಸಂಜೆವರೆಗೆ ಮಾತಾಡುವವರಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ನಡೆಸಿದವರು ಮಗನಿಗೆ ದಿನವೂ ಫೋನು ಮಾಡಿ ಟಿವಿ ಹಚ್ಚಿಸಿಕೊಳ್ಳಬೇಕಾದದ್ದು ಅವರಿಗೆ ಅವಮಾನವೇ ಆಗಿತ್ತು. ಮೂರನೆಯ ವಾರ ಫೋನು ನಿಂತಿತು. ಟಿವಿಯೂ ನಿಂತಿತ್ತು ಎಂದು ಅಮ್ಮ ಆಮೇಲೆ ಹೇಳಿದರು.

ರಿಮೋಟು ಇಷ್ಟು ಕಷ್ಟದ ವಸ್ತು ಯಾವಾಗ ಆಯಿತು ಎಂದು ನಾನು ಓದತೊಡಗಿದ್ದು ಆಗ.

ಶುರುವಿನಲ್ಲಿ ಅದು ಹಾಗಿರಲಿಲ್ಲ. ಷಿಕಾಗೋದ ಝೆನಿತ್ ಕಂಪನಿ 1950ರಲ್ಲಿ ತಂದ ಮೊದಲ ರಿಮೋಟಿನ ಹೆಸರೇ ‘ಲೇಜಿ ಬೋನ್ಸ್’, ಅಂದರೆ ಮೈಗಳ್ಳ. ಅದರಿಂದ ಟಿವಿಯವರೆಗೆ ಒಂದು ದಪ್ಪ ವೈರು. ಜನ ಎಡವಿ ಬೀಳುತ್ತಿದ್ದರು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ವೈರು ತೆಗೆದುಹಾಕಿದರು. ಅವರ ‘ಫ್ಲ್ಯಾಶ್‌ಮ್ಯಾಟಿಕ್’ ಪಿಸ್ತೂಲಿನ ಆಕಾರದ ಟಾರ್ಚು. ಪರದೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಬೆಳಕಿನ ಕಣ್ಣು. ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಕೆಲಸ. ತೊಂದರೆ ಎಂದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟಿವಿ ಮಾತು ಕೇಳುತ್ತಿತ್ತು. ಮರುವರ್ಷ ವಿಯೆನ್ನಾದಲ್ಲಿ ಹುಟ್ಟಿದ ವಿಜ್ಞಾನಿ ರಾಬರ್ಟ್ ಆಡ್ಲರ್ ಬೆಳಕು ಬಿಟ್ಟು ಶಬ್ದ ಹಿಡಿದರು. ಅವರ ‘ಸ್ಪೇಸ್ ಕಮಾಂಡ್’ ಒಳಗೆ ನಾಲ್ಕು ಅಲ್ಯೂಮಿನಿಯಂ ಸರಳುಗಳು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಸರಳಿಗೆ ಬಡಿದು ಮನುಷ್ಯನ ಕಿವಿಗೆ ಕೇಳದ ನಾದ ಹೊರಡುತ್ತದೆ. ಒಂದು ಸರಳು ಟಿವಿ ಹಚ್ಚಿ ಆರಿಸುವುದಕ್ಕೆ, ಎರಡು ಚಾನೆಲ್ ಮುಂದೆ ಹಿಂದೆ ಮಾಡುವುದಕ್ಕೆ, ಒಂದು ಸದ್ದು ನಿಲ್ಲಿಸುವುದಕ್ಕೆ. ಬ್ಯಾಟರಿಯೇ ಇಲ್ಲ! ಬ್ಯಾಟರಿ ಸತ್ತರೆ ಟಿವಿಯೇ ಕೆಟ್ಟಿತೆಂದು ಗಿರಾಕಿ ಬರುತ್ತಾನೆ ಎಂಬ ಭಯ ಮಾರಾಟದವರಿಗೆ. ಟಿವಿಯ ಬೆಲೆ ಸುಮಾರು ಶೇಕಡ 30 ಏರಿತು, ನಿಜ. ಬೀಗದಕೈ ಗೊಂಚಲು ಝಣ್ ಎಂದರೆ ಚಾನೆಲ್ ಬದಲಾಗುವುದೂ ಉಂಟು. ಆದರೂ ಈ ಸರಳುಗಳ ನಾದದ ತತ್ತ್ವ ಸುಮಾರು ಕಾಲು ಶತಮಾನ ಬಾಳಿತು. ನಾಲ್ಕು ಗುಂಡಿ. ನಮ್ಮಪ್ಪನಿಗೆ ಅದು ಸಾಕಿತ್ತು.

ತಿಪಟೂರಿನ ನಮ್ಮ ಮನೆಗೆ ಈ ಇತಿಹಾಸ ತಡವಾಗಿ ಬಂತು. ಟಿವಿಯ ಕಿವಿ ತಿರುಗಿಸಲು ಮನೆಯ ಕಿರಿಯವನಾದ ನಾನಿದ್ದೆ, ತಿರುಗಿಸಿದರೂ ಇದ್ದದ್ದು ದೂರದರ್ಶನ ಒಂದೇ. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ, ಕೇಬಲ್ಲಿನ ಜೊತೆ, ರಿಮೋಟು ಬಂತು. ಅದರ ಪ್ಲಾಸ್ಟಿಕ್ ಕವರನ್ನು ಅಪ್ಪ ಕೊನೆಯವರೆಗೂ ತೆಗೆಯಲಿಲ್ಲ.

ಅಷ್ಟು ಹೊತ್ತಿಗೆ ಲೋಕದ ರಿಮೋಟುಗಳೆಲ್ಲ ಇನ್‌ಫ್ರಾರೆಡ್ ಬೆಳಕಿಗೆ ಬದಲಾಗಿದ್ದವು. ಈ ಬೆಳಕು ಕಣ್ಣಿಗೆ ಕಾಣದು. (ರಿಮೋಟಿನ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ, ಹೆಚ್ಚಿನ ಫೋನುಗಳಲ್ಲಿ ಮಿನುಗುವುದು ಕಾಣುತ್ತದೆ. ಕೆಟ್ಟಿರುವುದು ರಿಮೋಟೋ ಟಿವಿಯೋ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.) ಕಷ್ಟ ಹುಟ್ಟಿದ್ದು ಬೆಳಕಿನಿಂದಲ್ಲ, ಅದರ ಭಾಷೆಯಿಂದ. ಫಿಲಿಪ್ಸ್‌ನ ಸಂಕೇತ ಸೆಕೆಂಡಿಗೆ 36 ಸಾವಿರ ಸಲ ಮಿಡಿಯುತ್ತದೆ, ಜಪಾನಿನ ಎನ್‌ಇಸಿಯದು 38 ಸಾವಿರ, ಸೋನಿಯದು 40 ಸಾವಿರ. ಮಿಡಿತದ ಮೇಲೆ ಪದ ಕಟ್ಟುವ ವ್ಯಾಕರಣವೂ ಒಬ್ಬೊಬ್ಬರದು ಒಂದೊಂದು. ನನ್ನ ಕಸುಬಿನಲ್ಲಿ ಇದು ಹೊಸದಲ್ಲ. ಹತ್ತು ಅಂಗಸಂಸ್ಥೆಗಳ ಲೆಕ್ಕ ಒಟ್ಟು ಮಾಡಲು ಕೂತರೆ ಬಾಡಿಗೆಗೆ ಒಬ್ಬ 4100 ಎಂದು ಕೋಡ್ ಕೊಟ್ಟಿರುತ್ತಾನೆ, ಇನ್ನೊಬ್ಬ 6250 ಎಂದು. ತಪ್ಪು ಯಾರದೂ ಅಲ್ಲ. ನಡುವೆ ಕೂತು ಹೊಂದಾಣಿಕೆಯ ಪಟ್ಟಿ ಬರೆಯುವವನ ಸಂಬಳ ಮಾತ್ರ ಬೇರೆ.

ಯೂನಿವರ್ಸಲ್ ರಿಮೋಟು ಎಂದರೆ ಆ ಪಟ್ಟಿಯೇ. 1985ರಲ್ಲಿ ಫಿಲಿಪ್ಸ್ ಮ್ಯಾಗ್ನಾವಾಕ್ಸ್ ಹೆಸರಿನಲ್ಲಿ ಒಂದನ್ನು ತಂದಿತು. ಅದೇ ವರ್ಷ ಆಪಲ್ ಬಿಟ್ಟು ಹೊರಬಂದ ಸ್ಟೀವ್ ವಾಜ್ನಿಯಾಕ್ ಸಿಎಲ್ 9 ಎಂಬ ಕಂಪನಿ ಕಟ್ಟಿ, 1987ರಲ್ಲಿ ‘ಕೋರ್’ ಎಂಬ ರಿಮೋಟು ಮಾರಿದರು. ಹಳೆಯ ರಿಮೋಟನ್ನು ಅದರ ಎದುರು ಹಿಡಿದು ಒತ್ತಿದರೆ ಪಾಠ ಕಲಿಯುತ್ತಿತ್ತು. ಒಂದು ಗುಂಡಿಗೆ ಹಲವು ಆಜ್ಞೆಗಳನ್ನು ಸಾಲಾಗಿ ಪೋಣಿಸಬಹುದಿತ್ತು. ಪೋಣಿಸಲು ಮಾತ್ರ ವಾಜ್ನಿಯಾಕರಂಥ ತಲೆಯೇ ಬೇಕಿತ್ತು. ಜನಸಾಮಾನ್ಯರಿಗೆ ಅದು ದಕ್ಕಲಿಲ್ಲ.

ಜನಸಾಮಾನ್ಯರಿಗೆ ದಕ್ಕಿದ್ದು ಕೋಡುಗಳ ಪುಸ್ತಿಕೆ. ನಾನು ಮೊದಲು ತಂದದ್ದೂ ಅಂಥದೇ, ಹದಿನೈದು ಡಾಲರಿನದು. ಸೆಟಪ್ ಗುಂಡಿ ಒತ್ತಿ ಹಿಡಿಯಬೇಕು, ಕೆಂಪು ದೀಪ ಎರಡು ಸಲ ಮಿಟುಕಿದ ಮೇಲೆ ಪುಸ್ತಿಕೆಯಲ್ಲಿರುವ ಕೋಡ್ ಒತ್ತಬೇಕು. ಒಂದೇ ಕಂಪನಿಯ ಟಿವಿಗೆ ಇಪ್ಪತ್ತು ಕೋಡ್ ಇರುತ್ತವೆ, ಒಂದೊಂದಾಗಿ ನೋಡಬೇಕು. ಯಾವುದೂ ಆಗದಿದ್ದರೆ 991 ಒತ್ತಿ, ಪವರ್ ಗುಂಡಿಯನ್ನು ಜಪಮಣಿಯ ಹಾಗೆ ನಿಧಾನ ಒತ್ತುತ್ತಾ ಹೋಗಬೇಕು. ಟಿವಿ ಆರಿದ ಕ್ಷಣ ನಿಲ್ಲಬೇಕು. ಅವಸರದಲ್ಲಿ ಒಂದು ಹೆಚ್ಚು ಒತ್ತಿದಿರೋ, ಮತ್ತೆ ಮೊದಲಿನಿಂದ! ನಾನು ಮೂರು ಸಲ ದಾಟಿಸಿದೆ. ಕೊನೆಗೆ ಐದು ಯಂತ್ರವೂ ಒಂದರಲ್ಲಿ ಬಂದವು. ಅಪ್ಪ ನೋಡಿ, “ಐದು ರಿಮೋಟು ಹೋಗಿ ಒಂದರಲ್ಲೇ ಐದು ರಿಮೋಟು ಆಯ್ತು” ಎಂದರು. ಸರಿಯಾಗಿಯೇ ಇತ್ತು. ಸಿನಿಮಾ ನೋಡಲು ಯಾವ ಯಂತ್ರ ಮೊದಲು, ಯಾವುದು ಆಮೇಲೆ ಎಂಬುದು ಇನ್ನೂ ಅವರ ತಲೆಯಲ್ಲೇ ಇರಬೇಕಿತ್ತು.

ಆ ಗಂಟು ಬಿಚ್ಚಿದ್ದು ನಮ್ಮ ಊರಿನಲ್ಲೇ ಎಂದು ತಿಳಿದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. 2001ರಲ್ಲಿ ‘ಈಜಿ ಝ್ಯಾಪರ್’ ಎಂದು ಶುರುವಾಗಿ ಮುಂದೆ ‘ಇಂಟ್ರೀಗ್ ಟೆಕ್ನಾಲಜೀಸ್’ ಆದ ಕಂಪನಿ ಇದ್ದದ್ದು ಮಿಸ್ಸಿಸಾಗದಲ್ಲಿ. ಅವರ ‘ಹಾರ್ಮನಿ’ ರಿಮೋಟು ಯಂತ್ರದ ಹೆಸರು ಕೇಳುವುದಿಲ್ಲ, ಏನು ಮಾಡಬೇಕು ಎಂದು ಕೇಳುತ್ತದೆ. ‘ಸಿನಿಮಾ ನೋಡು’ ಎಂದು ಒತ್ತಿದರೆ ಬೇಕಾದವನ್ನೆಲ್ಲ ಹಚ್ಚಿ, ಇನ್‌ಪುಟ್ ಸರಿಮಾಡಿ, ಬೇಡದ್ದನ್ನು ಆರಿಸುತ್ತದೆ. ಕೇಳಲು ಸುಲಭ. ಆದರೆ ಇನ್‌ಫ್ರಾರೆಡ್ ಒಂದೇ ದಾರಿಯ ಮಾತು. ರಿಮೋಟು ಹೇಳಬಲ್ಲದು, ಟಿವಿ ಉತ್ತರ ಕೊಡಲಾರದು. ಹಚ್ಚುವುದಕ್ಕೂ ಆರಿಸುವುದಕ್ಕೂ ಹೆಚ್ಚಾಗಿ ಒಂದೇ ಆಜ್ಞೆ. ಟಿವಿ ಆಗಲೇ ಹಚ್ಚಿದ್ದರೆ, ‘ಹಚ್ಚು’ ಎಂದದ್ದೇ ಆರಿಹೋಗುತ್ತದೆ. ಹಾಗಾಗಿ ಹಾರ್ಮನಿ ತಾನು ಯಾವುದನ್ನು ಯಾವ ಸ್ಥಿತಿಯಲ್ಲಿ ಬಿಟ್ಟೆ ಎಂದು ಮನಸ್ಸಿನಲ್ಲೇ ಲೆಕ್ಕ ಇಡುತ್ತದೆ. ಲೆಕ್ಕ ತಪ್ಪಿದರೆ ‘ಹೆಲ್ಪ್’ ಗುಂಡಿ: ಟಿವಿ ಹತ್ತಿತೇ, ಸದ್ದು ಬರುತ್ತಿದೆಯೇ ಎಂದು ಒಂದೊಂದಾಗಿ ವಿಚಾರಿಸಿ ಸರಿಮಾಡಿಕೊಳ್ಳುತ್ತದೆ. ದಾಖಲೆಯಲ್ಲಿರುವ ದಾಸ್ತಾನನ್ನು ಗೋದಾಮಿಗೆ ಹೋಗಿ ಎಣಿಸಿ ನೋಡುವ ಆಡಿಟರಿನ ಕೆಲಸ ಇದು. ಇದನ್ನು ಯೋಚಿಸಿದವರಿಗೆ ನಾನು ತಲೆಬಾಗಿದೆ.

ಕೊಂಡು ತಂದು ಕಂಪ್ಯೂಟರಿಗೆ ಜೋಡಿಸಿ ಐದೂ ಯಂತ್ರಗಳ ಮಾದರಿ ಸಂಖ್ಯೆ ಕೊಟ್ಟೆ. ನಾಲ್ಕು ಅವರ ಭಂಡಾರದಲ್ಲಿ ಸಿಕ್ಕವು. ಕನ್ನಡ ಪೆಟ್ಟಿಗೆ ಸಿಗಲಿಲ್ಲ. ಅದರ ರಿಮೋಟನ್ನು ಎದುರಿಗೆ ಹಿಡಿದು ಗುಂಡಿ ಗುಂಡಿಯಾಗಿ ಕಲಿಸಿದೆ. ಪರದೆಯ ಮೇಲೆ ‘ಅಪ್ಪ ಟಿವಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟೆ. ಮರುದಿನ ಫೋನು ಬರಲಿಲ್ಲ. ಸಂಜೆ ಮನೆಗೆ ಹೋದರೆ ಅಪ್ಪ ಕಾಲಮೇಲೆ ಕಾಲು ಹಾಕಿ ವಾರ್ತೆ ನೋಡುತ್ತಿದ್ದಾರೆ. “ಮಧ್ಯಾಹ್ನ ನಿಮ್ಮಮ್ಮ ಕಾಫಿ ಹಿಡಿದು ಅಡ್ಡ ಬಂದ್ಲು, ತಪ್ಪಿಹೋಯ್ತು. ನಾನೇ ಹೆಲ್ಪ್ ಒತ್ತಿ ಸರಿಮಾಡ್ಕೊಂಡೆ” ಎಂದರು. ಬ್ಯಾಂಕಿನಲ್ಲಿ ಟ್ರಯಲ್ ಬ್ಯಾಲೆನ್ಸ್ ಕೂಡಿಬಂದ ದಿನದ ಧ್ವನಿ ಅದು.

ಇಂಟ್ರೀಗನ್ನು 2004ರಲ್ಲೇ ಲಾಜಿಟೆಕ್ 2.9 ಕೋಟಿ ಡಾಲರಿಗೆ ಕೊಂಡಿತ್ತು. 2021ರ ಏಪ್ರಿಲ್‌ನಲ್ಲಿ ಹಾರ್ಮನಿ ತಯಾರಿಕೆ ನಿಲ್ಲಿಸಿದೆವು, ಕೊಂಡವರಿಗೆ ಸೇವೆ ಮುಂದುವರಿಸುತ್ತೇವೆ ಎಂದು ಪ್ರಕಟಿಸಿತು. ಲೆಕ್ಕಿಗನಾಗಿ ನನಗೆ ಆಶ್ಚರ್ಯವಿಲ್ಲ. ಟಿವಿಯೊಳಗೇ ಎಲ್ಲ ಬಂದ ಮೇಲೆ ದುಬಾಷಿಗೆ ಕೆಲಸ ಕಡಿಮೆ. ಎಚ್‌ಡಿಎಂಐ ಕೇಬಲಿನ ಒಂದು ತಂತಿಯಲ್ಲಿ ಯಂತ್ರಗಳು ಪರಸ್ಪರ ಮಾತಾಡುವ ವ್ಯವಸ್ಥೆ, ಸಿಇಸಿ, ಕೂಡ ಬಂದಿದೆ. ತಮಾಷೆ ನೋಡಿ, ಅದನ್ನು ಸ್ಯಾಮ್‌ಸಂಗ್ ‘ಎನಿನೆಟ್’ ಎನ್ನುತ್ತದೆ, ಸೋನಿ ‘ಬ್ರಾವಿಯಾ ಸಿಂಕ್’, ಎಲ್‌ಜಿ ‘ಸಿಂಪ್‌ಲಿಂಕ್’.

ಅಮ್ಮ ಒಬ್ಬರೇ ಬಂದದ್ದು 2022ರಲ್ಲಿ. ಆ ಹೊತ್ತಿಗೆ ನಮ್ಮ ಹೊಸ ಟಿವಿ ಬಾಯಿಮಾತಿಗೆ ಹತ್ತುವಂಥದು. ಮಗಳು ಇಂಗ್ಲಿಷಿನಲ್ಲಿ ಹೇಳಿದರೆ ಕೇಳುತ್ತದೆ. ಅಮ್ಮ ಎರಡು ದಿನ ಅದರೊಂದಿಗೆ ತಮ್ಮ ತಿಪಟೂರು ಕನ್ನಡದಲ್ಲಿ ಮಾತಾಡಿ, ಮೂರನೆಯ ದಿನ ಪುಸ್ತಕ ಹಿಡಿದು ಕೂತರು. ಆ ರಾತ್ರಿ ಡ್ರಾಯರಿನಿಂದ ಹಾರ್ಮನಿ ತೆಗೆದು ಚಾರ್ಜಿಗೆ ಹಾಕಿದೆ. ಹೊಸ ಟಿವಿಯ ಮಾದರಿ ಸಂಖ್ಯೆ ಕೊಟ್ಟೆ, ಸಿಕ್ಕಿತು. ‘ಅಪ್ಪ ಟಿವಿ’ ಎಂಬ ಹೆಸರು ಬದಲಿಸಲು ಹೋಗಿ ಹಾಗೇ ಬಿಟ್ಟೆ.

ಬೆಳಗ್ಗೆ ಕೆಲಸಕ್ಕೆ ಹೊರಡುತ್ತಾ ಶೂ ಕಟ್ಟುತ್ತಿದ್ದೆ. ಒಳಗೆ ಹೆಲ್ಪ್ ಗುಂಡಿಯ ಪ್ರಶ್ನೆಯನ್ನು ಅಮ್ಮ ಅಕ್ಷರ ಕೂಡಿಸಿ ಓದುವುದು ಕೇಳಿಸಿತು. ಆಮೇಲೆ ರಿಮೋಟಿಗೇ ಹೇಳಿದರು: “ಹತ್ತಿತಪ್ಪ, ಹತ್ತಿತು.”