ಆಕಳಿಸಿದ್ದಕ್ಕೆ ಜೈಲು, ದೂರಿದ್ದಕ್ಕೆ ಮುಳುಗಡೆ: ಅಶಿಯೊ ತಾಮ್ರದ ಗಣಿಯ ಕಥೆ

ಇವತ್ತು ಜಪಾನಿಗೆ ಹೋಗೋಣ.

1902ರಲ್ಲಿ ಅರವತ್ತು ವರ್ಷದ ಒಬ್ಬ ಮಾಜಿ ಸಂಸದ ಟೋಕಿಯೊದ ಸುಗಾಮೊ ಜೈಲಿಗೆ ಹೋದರು. 41 ದಿನ ಒಳಗಿದ್ದರು. ಮಾಡಿದ ಅಪರಾಧ ಏನು ಗೊತ್ತಾ? ಕೋರ್ಟಿನಲ್ಲಿ ಆಕಳಿಸಿದ್ದು! ರೈತರ ಮೇಲೆ ಹಾಕಿದ್ದ ಕೇಸೊಂದರ ವಿಚಾರಣೆ ನೋಡೋಕೆ ಹೋಗಿದ್ದರು. ಸರ್ಕಾರಿ ವಕೀಲರು ವಾದ ಮಾಡ್ತಾ ಇದ್ದಾಗ ಇವರು ಜೋರಾಗಿ ಆಕಳಿಸಿಬಿಟ್ಟರು. ನ್ಯಾಯಾಂಗಕ್ಕೆ ಅವಮಾನ ಅಂತ ಶಿಕ್ಷೆ ಆಯ್ತು.

ಅವರ ಹೆಸರು ತನಕಾ ಶೋಜೊ. ಆ ರೈತರು ವತರಾಸೆ ಅನ್ನೋ ನದಿಯ ದಂಡೆಯವರು. ನದಿಯ ಮೇಲ್ಭಾಗದ ಬೆಟ್ಟದಲ್ಲಿ ಅಶಿಯೊ ತಾಮ್ರದ ಗಣಿ ಇತ್ತು. ಜಪಾನಿನ ಶಾಲೆಯಲ್ಲಿ ಓದಿದ ಯಾರನ್ನಾದ್ರೂ ಕೇಳಿ, ಈ ಹೆಸರು ಗೊತ್ತಿರುತ್ತೆ. ಆ ದೇಶದ ಪರಿಸರ ಹೋರಾಟದ ಚರಿತ್ರೆ ಶುರುವಾಗೋದೇ ಇಲ್ಲಿಂದ.

ಅಶಿಯೊ ಇರೋದು ತೊಚಿಗಿ ಪ್ರಾಂತ್ಯದಲ್ಲಿ, ಟೋಕಿಯೊದ ಉತ್ತರಕ್ಕೆ. ಅಲ್ಲಿ 1610ರಲ್ಲಿ ತಾಮ್ರ ಸಿಕ್ಕಿತು ಅಂತಾರೆ. ಶೋಗನ್‌ಗಳ ಕಾಲದಲ್ಲಿ ಚೆನ್ನಾಗಿ ನಡೀತು, ಆಮೇಲೆ ಬತ್ತಿದ ಹಾಗಾಯ್ತು. 1877ರಲ್ಲಿ ಫುರುಕಾವಾ ಇಚಿಬೆ ಅನ್ನೋ ವ್ಯಾಪಾರಿ ಅದನ್ನು ತಗೊಂಡ. ಈತ ಚಿಕ್ಕಂದಿನಲ್ಲಿ ಬೀದಿ ಬೀದಿ ಸುತ್ತಿ ತೋಫು ಮಾರುತ್ತಿದ್ದ ಹುಡುಗ. ಬೆಳೆದ ಮೇಲೆ ರೇಷ್ಮೆ ವ್ಯಾಪಾರಕ್ಕೆ ಇಳಿದ, ಅಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆ ದಿವಾಳಿ ಆಯ್ತು. ಮುಗಿದುಹೋದ ಗಣಿಗೆ ದುಡ್ಡು ಸುರಿಯೋ ಈತನನ್ನ ನೋಡಿ ಹುಚ್ಚು ಅಂದವರೇ ಜಾಸ್ತಿ ಇದ್ದಿರಬೇಕು. ಆದರೆ 1880ರ ದಶಕದ ಆರಂಭದಲ್ಲಿ ದೊಡ್ಡ ದೊಡ್ಡ ಅದಿರಿನ ಪದರಗಳು ಸಿಕ್ಕಿಬಿಟ್ಟವು. ಕೆಲವೇ ವರ್ಷಗಳಲ್ಲಿ ಅಶಿಯೊ ಜಪಾನಿನ ಅತಿ ದೊಡ್ಡ ತಾಮ್ರದ ಗಣಿ ಆಯ್ತು. 1888ರಲ್ಲಿ ಜಾರ್ಡಿನ್ ಮ್ಯಾಥೆಸನ್ ಅನ್ನೋ ಬ್ರಿಟಿಷ್ ಕಂಪನಿ 19,000 ಟನ್ ತಾಮ್ರಕ್ಕೆ ಒಪ್ಪಂದ ಮಾಡ್ಕೊಂಡಿತು.

ಅದು ಯಾವ ಕಾಲ ನೋಡಿ. ಜಗತ್ತಿನ ತುಂಬಾ ಟೆಲಿಗ್ರಾಫ್ ತಂತಿ, ವಿದ್ಯುತ್ ತಂತಿ ಎಳೀತಿದ್ದಾರೆ. ಎಲ್ಲದಕ್ಕೂ ತಾಮ್ರ ಬೇಕು. ಜಪಾನಿಗೆ ಯುದ್ಧನೌಕೆ, ಯಂತ್ರ ಕೊಳ್ಳೋಕೆ ವಿದೇಶಿ ಹಣ ಬೇಕು. ಅಂದರೆ ಅಶಿಯೊ ಬರೀ ಒಂದು ಗಣಿ ಆಗಿರಲಿಲ್ಲ, ಸರ್ಕಾರಕ್ಕೆ ಅದು ಕಾಮಧೇನು. ಫುಜಿತ್ಸು ಅನ್ನೋ ಕಂಪ್ಯೂಟರ್ ಕಂಪನಿ ಹೆಸರು ಕೇಳಿರ್ತೀರಿ. ಅದರ ತಾಯಿ ಕಂಪನಿ ಫುಜಿ ಎಲೆಕ್ಟ್ರಿಕ್ ಹುಟ್ಟಿದ್ದು 1923ರಲ್ಲಿ, ಫುರುಕಾವಾ ಮತ್ತು ಜರ್ಮನಿಯ ಸೀಮೆನ್ಸ್ ಸೇರಿ. ಫುರುಕಾವಾದ 'ಫು', ಸೀಮೆನ್ಸ್ ಅನ್ನೋದನ್ನ ಜಪಾನೀಯರು ಉಚ್ಚರಿಸುತ್ತಿದ್ದ ರೀತಿಯಿಂದ 'ಜಿ'. ಆ 'ಫು' ಬಂದಿದ್ದು ಈ ಬೆಟ್ಟದಿಂದ.

ಈಗ ಬೆಟ್ಟದ ಕಡೆ ನೋಡೋಣ. ಅದಿರು ಕರಗಿಸೋ ಕುಲುಮೆಗೆ ಸೌದೆ, ಸುರಂಗಕ್ಕೆ ಆಸರೆ ಮರ. ಅದಕ್ಕಾಗಿ ಸುತ್ತಲಿನ ಕಾಡು ಕಡಿದರು. ಉಳಿದಿದ್ದನ್ನ ಕುಲುಮೆಯ ಹೊಗೆ ಕೊಂದಿತು. ತಾಮ್ರದ ಅದಿರಿನಲ್ಲಿ ಗಂಧಕ ಇರುತ್ತೆ, ಕರಗಿಸಿದಾಗ ಸಲ್ಫರ್ ಡೈಆಕ್ಸೈಡ್ ಆಗಿ ಹೊರಗೆ ಬರುತ್ತೆ. ಕುಲುಮೆಯ ಮೇಲ್ಗಡೆ ಕಣಿವೆಯಲ್ಲಿ ಮತ್ಸುಕಿ ಅಂತ ಒಂದು ಪುಟ್ಟ ಹಳ್ಳಿ ಇತ್ತು, ರೇಷ್ಮೆ ಹುಳು ಸಾಕೋ ಜನ. ಹಿಪ್ಪುನೇರಳೆ ಎಲೆ ಒಣಗಿತು, ಬೆಳೆ ಹೋಯ್ತು. 1902ರ ಹೊತ್ತಿಗೆ ಊರು ಖಾಲಿ. ಇವತ್ತು ಅಲ್ಲಿ ಉಳಿದಿರೋದು ಕೆಲವು ಸಮಾಧಿ ಕಲ್ಲು ಮಾತ್ರ.

ಕೆಳಗಡೆ ಬಯಲಿನಲ್ಲಿ ಆಗಿದ್ದು ಇನ್ನೂ ವಿಚಿತ್ರ. ವತರಾಸೆ ನದಿ ಮೊದಲಿಂದಲೂ ಉಕ್ಕುತ್ತಿದ್ದ ನದಿಯೇ. ಆದರೆ ರೈತರು ಅದಕ್ಕೆ ಅಷ್ಟೇನೂ ಹೆದರುತ್ತಿರಲಿಲ್ಲ. ನೆರೆ ಬಂದು ಹೋದ ಮೇಲೆ ಕಾಡಿನ ಫಲವತ್ತಾದ ಮಣ್ಣು ಗದ್ದೆಯಲ್ಲಿ ಕೂತಿರ್ತಿತ್ತು, ಮುಂದಿನ ಬೆಳೆ ಚೆನ್ನಾಗಿ ಬರ್ತಿತ್ತು. ಕಾಡು ಹೋದ ಮೇಲೆ ನೆರೆ ಪದೇ ಪದೇ ಬಂತು, ಮಣ್ಣಿನ ಬದಲು ಗಣಿಯ ವಿಷದ ಕೆಸರು ತಂತು. 1885ರಲ್ಲೇ ನದಿಯಲ್ಲಿ ಆಯು ಅನ್ನೋ ಮೀನು ಸತ್ತು ತೇಲಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. 1890ರ ಆಗಸ್ಟಿನ ದೊಡ್ಡ ನೆರೆ ಇಳಿದ ಮೇಲೆ ಗದ್ದೆಯಲ್ಲಿ ಭತ್ತ ಕೊಳೆತು ನಿಂತಿತ್ತು.

ತನಕಾ ಶೋಜೊ ಇದೇ ಪ್ರಾಂತ್ಯದವರು, ಊರಿನ ಮುಖಂಡರ ಮನೆತನ. 1890ರಲ್ಲಿ ಜಪಾನಿನ ಮೊದಲ ಸಂಸತ್ತಿಗೆ ಗೆದ್ದು ಬಂದವರು. 1891ರ ಡಿಸೆಂಬರಿನಲ್ಲಿ ಸದನದಲ್ಲಿ ಎದ್ದು ನಿಂತು ಕೇಳಿದರು: ಪ್ರಜೆಯ ಆಸ್ತಿಗೆ ರಕ್ಷಣೆ ಇದೆ ಅಂತ ಸಂವಿಧಾನ ಹೇಳುತ್ತೆ, ಗಣಿಯಿಂದ ಜನರಿಗೆ ತೊಂದರೆಯಾದರೆ ಪರವಾನಗಿ ರದ್ದು ಮಾಡಬಹುದು ಅಂತ ಕಾನೂನು ಹೇಳುತ್ತೆ, ಯಾಕೆ ಸುಮ್ಮನಿದ್ದೀರಿ? ಸಂಬಂಧಪಟ್ಟ ಮಂತ್ರಿ ಮುತ್ಸು ಮುನೆಮಿತ್ಸು. ಹಾನಿಯ ಕಾರಣ ಇನ್ನೂ ಖಚಿತವಾಗಿಲ್ಲ ಅಂತ ಸರ್ಕಾರ ಉತ್ತರ ಕೊಟ್ಟಿತು. ಇಲ್ಲೊಂದು ಸಣ್ಣ ಮಾಹಿತಿ ಸೇರಿಸಿಬಿಡ್ತೀನಿ. ಆ ಮಂತ್ರಿಯ ಎರಡನೇ ಮಗನನ್ನ ಗಣಿ ಮಾಲೀಕ ಫುರುಕಾವಾ ದತ್ತು ತಗೊಂಡಿದ್ದ!

ಆಮೇಲೆ ಕಂಪನಿ ರೈತರ ಬಳಿ ರಾಜಿಗೆ ಬಂತು. ಸ್ವಲ್ಪ ಪರಿಹಾರ ತಗೊಳ್ಳಿ, ಇನ್ನು ಮುಂದೆ ತಕರಾರು ಮಾಡಲ್ಲ ಅಂತ ಸಹಿ ಹಾಕಿ. ಮನೆಯಲ್ಲಿ ಅಕ್ಕಿ ಇಲ್ಲದವರು ಏನು ಮಾಡ್ತಾರೆ? ಸಹಿ ಹಾಕಿದರು. 1896ರಲ್ಲಿ ಅದಕ್ಕಿಂತ ದೊಡ್ಡ ನೆರೆ ಬಂತು.

ಆಗ ಜನ ಟೋಕಿಯೊಗೆ ನಡೆದುಕೊಂಡೇ ಹೊರಟರು, ಸಾವಿರಾರು ಮಂದಿ, ಒಂದಲ್ಲ ಹಲವು ಸಲ. 1897ರಲ್ಲಿ ಸರ್ಕಾರ ಸಮಿತಿ ಮಾಡಿ ಗಣಿಗೆ 37 ಅಂಶಗಳ ಆದೇಶ ಕೊಟ್ಟಿತು: ಕೊಳಚೆ ನೀರು ನಿಲ್ಲಿಸಿ ತಿಳಿಮಾಡೋ ಕೊಳ ಕಟ್ಟಿ, ಹೊಗೆಯಿಂದ ಗಂಧಕ ತೆಗೆಯಿರಿ, ಗಡುವಿನೊಳಗೆ ಆಗದಿದ್ದರೆ ಗಣಿ ಬಂದ್. ಕಂಪನಿ ಭಾರಿ ಖರ್ಚು ಮಾಡಿ ಕಟ್ಟಿತು, ಅದನ್ನ ಒಪ್ಪಲೇಬೇಕು. ಆದರೆ ಗಂಧಕ ತೆಗೆಯೋ ಗೋಪುರ ಆಗಿನ ತಂತ್ರಜ್ಞಾನದಲ್ಲಿ ಕೆಲಸ ಮಾಡಲಿಲ್ಲ. ಅಷ್ಟು ವರ್ಷ ಗದ್ದೆಗೆ ಇಳಿದಿದ್ದ ತಾಮ್ರವಂತೂ ಅಲ್ಲೇ ಇತ್ತು.

1900ರ ಫೆಬ್ರವರಿ 13. ಮತ್ತೆ ಟೋಕಿಯೊಗೆ ಹೊರಟ ರೈತರನ್ನ ಕವಮಾತಾ ಅನ್ನೋ ಕಡೆ ಪೊಲೀಸರು ತಡೆದು ಹೊಡೆದರು. 51 ಜನರ ಮೇಲೆ ಮೊಕದ್ದಮೆ. ತನಕಾ ಆಕಳಿಸಿದ್ದು ಇದೇ ಕೇಸಿನಲ್ಲಿ. ಹೊಡೆತ ಬಿದ್ದ ಬೆನ್ನಲ್ಲೇ ಅವರು ಸಂಸತ್ತಿನಲ್ಲಿ ಗುಡುಗಿದರು: ಜನರನ್ನ ಕೊಲ್ಲೋದು ಅಂದರೆ ದೇಶವನ್ನೇ ಕೊಲ್ಲೋದು, ಇದು ನಿಮಗೆ ಅರ್ಥ ಆಗದೇ ಇರೋದೇ ದೇಶದ ನಾಶ, ಅನ್ನೋ ಅರ್ಥದಲ್ಲಿ. ಪ್ರಧಾನಿ ಯಮಗತಾ ಕೊಟ್ಟ ಉತ್ತರದ ಸಾರಾಂಶ ಇಷ್ಟೇ: ಪ್ರಶ್ನೆ ಏನು ಅಂತಲೇ ಸ್ಪಷ್ಟವಾಗಿಲ್ಲ, ಆದ್ದರಿಂದ ಉತ್ತರ ಕೊಡೋದಿಲ್ಲ.

ತನಕಾ 1901ರಲ್ಲಿ ಸಂಸತ್ತಿಗೆ ರಾಜೀನಾಮೆ ಬಿಸಾಕಿದರು. ಡಿಸೆಂಬರ್ 10ರಂದು ಚಕ್ರವರ್ತಿಯ ಸಾರೋಟು ಬರ್ತಿದ್ದಾಗ ಮನವಿ ಪತ್ರ ಹಿಡಿದು ಅದರತ್ತ ಓಡಿದರು. ಆ ಕಾಲದಲ್ಲಿ ಇದು ಪ್ರಾಣದ ಮೇಲೆ ಆಸೆ ಬಿಟ್ಟವರು ಮಾಡೋ ಕೆಲಸ. ಕಾವಲಿನವರು ಹಿಡಿದರು. ಕೇಸು ಹಾಕಿದರೆ ವಿಷಯ ಇನ್ನೂ ದೊಡ್ಡದಾಗುತ್ತೆ ಅಂತಲೋ ಏನೋ, ಯಾರೋ ಹುಚ್ಚ ಅಂತ ಅವತ್ತೇ ಬಿಟ್ಟು ಕಳಿಸಿದರು. ಪತ್ರ ಚಕ್ರವರ್ತಿಯ ಕೈ ಸೇರಲಿಲ್ಲ, ಪತ್ರಿಕೆಗಳಿಗೆ ಸೇರಿತು. ಟೋಕಿಯೊದ ವಿದ್ಯಾರ್ಥಿಗಳು ಗುಂಪು ಗುಂಪಾಗಿ ಹಾಳಾದ ಗದ್ದೆ ನೋಡೋಕೆ ಹೋದರು.

ಇಲ್ಲಿಂದ ಮುಂದೆ ಸರ್ಕಾರ ಮಾಡಿದ್ದನ್ನ ಗಮನ ಇಟ್ಟು ಕೇಳಿ. ಎರಡನೇ ಸಮಿತಿ ಬಂತು. ಸಮಸ್ಯೆ ಇರೋದು ಗಣಿಯಲ್ಲಿ ಅಲ್ಲ, ನೆರೆಯಲ್ಲಿ ಅನ್ನೋ ಕಡೆಗೆ ಮಾತು ತಿರುಗಿತು. ಪರಿಹಾರ ಏನು? ನದಿಯ ಕೆಳಭಾಗದಲ್ಲಿ ನೆರೆ ನೀರು ನಿಲ್ಲಿಸೋಕೆ ದೊಡ್ಡ ತಗ್ಗು ಜಾಗ. ಆ ಜಾಗ ಅಂತ ಆರಿಸಿದ್ದು ಯನಕಾ ಅನ್ನೋ ಹಳ್ಳಿಯನ್ನ. ಹೆಸರು ಒಂದೇ ಥರ ಕೇಳ್ಸುತ್ತೆ, ಗೊಂದಲ ಬೇಡ: ತನಕಾ ಮನುಷ್ಯ, ಯನಕಾ ಊರು. ಸುಮಾರು 450 ಮನೆ. ವಿಷದ ವಿರುದ್ಧ ಗಟ್ಟಿಯಾಗಿ ದನಿ ಎತ್ತಿದ್ದ ಊರುಗಳಲ್ಲಿ ಇದೂ ಒಂದು. ಮುಳುಗಡೆ ಅನ್ನೋ ಪದ ನಮಗೆ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಮುಳುಗಿಸಿದ್ದು ಕರೆಂಟಿಗೂ ಅಲ್ಲ, ನೀರಾವರಿಗೂ ಅಲ್ಲ.

ಮೊದಲು ನೆರೆಗೆ ಒಡೆದ ದಂಡೆಯನ್ನ ರಿಪೇರಿ ಮಾಡದೆ ಹಾಗೇ ಬಿಟ್ಟರು. ಊರವರೇ ಕಟ್ಟಿಕೊಂಡ ಒಡ್ಡನ್ನ ಅಧಿಕಾರಿಗಳು ಕೆಡವಿಸಿದರು. ಬೇಸಾಯ ಆಗಲ್ಲ ಅಂತ ಆದಾಗ ಜನ ಒಬ್ಬೊಬ್ಬರಾಗಿ ಕಡಿಮೆ ರೇಟಿಗೆ ಭೂಮಿ ಕೊಟ್ಟು ಹೋದರು. ತನಕಾ 1904ರಲ್ಲಿ ಅದೇ ಊರಿಗೆ ಬಂದು ನೆಲೆಸಿದರು. 1906ರಲ್ಲಿ ಸರ್ಕಾರಿ ದಾಖಲೆಯಲ್ಲಿ ಯನಕಾ ಅಂತ ಊರೇ ಇಲ್ಲ ಅಂತಾಯ್ತು. ಆಗ ಗೃಹಮಂತ್ರಿ ಆಗಿದ್ದವರು ಹರಾ ತಕಾಶಿ. ಹಿಂದಿನ ವರ್ಷ ಅವರು ಫುರುಕಾವಾ ಗಣಿ ಕಂಪನಿಯ ಉಪಾಧ್ಯಕ್ಷರು. 1907ರ ಜೂನ್ ಕೊನೆಯಲ್ಲಿ, ಹೋಗಲ್ಲ ಅಂತ ಉಳಿದಿದ್ದ 16 ಮನೆಗಳನ್ನ ಒಂದೊಂದಾಗಿ ಕಿತ್ತು ಹಾಕಿದರು. ಆ ಜನ ಆಮೇಲೂ ಎಷ್ಟೋ ವರ್ಷ ಅಲ್ಲೇ ಗುಡಿಸಲು ಹಾಕ್ಕೊಂಡಿದ್ದರು. ಬಯಲಿನ ಇನ್ನು ಕೆಲವು ಕುಟುಂಬಗಳನ್ನ 1911ರಲ್ಲಿ ದೂರದ ಹೊಕ್ಕಾಯ್ಡೊದ ಸರೊಮಾಕ್ಕೆ ಕಳಿಸಿದರು. ಭತ್ತ ಬೆಳೆಯೋ ಬಯಲಿನವರಿಗೆ ಹಿಮದ ಕಾಡು.

ತನಕಾ 1913ರ ಸೆಪ್ಟೆಂಬರ್ 4ರಂದು ತೀರಿಕೊಂಡರು. ಆಸ್ತಿ ಅಂತ ಇದ್ದದ್ದು ಒಂದು ಚೀಲ. ಅದರಲ್ಲಿ ಬೈಬಲಿನ ಹೊಸ ಒಡಂಬಡಿಕೆ, ಡೈರಿ, ಮತ್ತಾಯನ ಸುವಾರ್ತೆಯ ಜೊತೆ ಸೇರಿಸಿ ಹೊಲಿದಿದ್ದ ದೇಶದ ಸಂವಿಧಾನ, ಕೆಲವು ಬೆಣಚುಕಲ್ಲು.

ಇಷ್ಟು ಹೊತ್ತು ಕೆಳಗಿನ ರೈತರ ಮಾತಾಡಿದೆ. ಗಣಿಯವರು ಎಂದರೆ ವಿಲನ್‌ಗಳು ಅಂತ ಅಂದುಕೊಂಡುಬಿಟ್ಟರೆ ಅರ್ಧ ಕಥೆ ತಪ್ಪಿಹೋಗುತ್ತೆ. ಅಶಿಯೊ ಊರು 1916ರ ಹೊತ್ತಿಗೆ 38 ಸಾವಿರ ಜನಸಂಖ್ಯೆ ದಾಟಿತ್ತು. ಬೆಟ್ಟದ ಹೊಟ್ಟೆಯೊಳಗಿನ ಸುರಂಗಗಳ ಒಟ್ಟು ಉದ್ದ ಕೊನೆಗೆ 1,200 ಕಿಲೋಮೀಟರ್ ಮೀರಿತು. ಕಾರ್ಮಿಕರು ಮೇಸ್ತ್ರಿಗಳ ಕೈಯಲ್ಲಿದ್ದರು. ಕೆಲಸ, ಊಟ, ವಸತಿ, ಸಾಲ ಎಲ್ಲಾ ಆತನ ಮೂಲಕವೇ. ಒಳ್ಳೆಯ ಜಾಗದಲ್ಲಿ ಕೆಲಸ ಬೇಕಂದ್ರೆ ಲಂಚ. ಊಟಕ್ಕೆ ಕಳಪೆ ಅಕ್ಕಿ. 1907ರ ಫೆಬ್ರವರಿಯಲ್ಲಿ ಸಹನೆ ಮುಗಿದು ಡೈನಮೈಟ್ ಸಿಡಿಸಿದರು, ಕಚೇರಿಗಳಿಗೆ ಬೆಂಕಿ ಹಚ್ಚಿದರು. ಸೈನ್ಯ ಬರಬೇಕಾಯ್ತು. ಲೆಕ್ಕ ಹಾಕಿ ನೋಡಿ: ಮೇಲೆ ಗಣಿಯಲ್ಲಿ ದಂಗೆ, ಕೆಳಗೆ ಯನಕಾ ನೆಲಸಮ, ಎರಡೂ ಅದೇ ಐದು ತಿಂಗಳಲ್ಲಿ. ಆದರೂ ಈ ಎರಡು ಜನ ಒಂದಾಗಲಿಲ್ಲ. ಗಣಿ ಮುಚ್ಚಿ ಅನ್ನೋದು ರೈತನ ಬೇಡಿಕೆ, ಗಣಿ ಮುಚ್ಚಿದರೆ ಕಾರ್ಮಿಕನ ಒಲೆ ಉರಿಯಲ್ಲ. ನನ್ನ ಪ್ರಕಾರ ಕಂಪನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿರಲಿಲ್ಲ.

ಗಣಿಯವರಿಗೆ ಅವರದ್ದೇ ಒಂದು ಕೂಟ ಇತ್ತು, 'ತೊಮೊಕೊ' ಅಂತ. ಗುರುವಿನ ಕೈಕೆಳಗೆ ಮೂರು ವರ್ಷ, ಮೂರು ತಿಂಗಳು, ಹತ್ತು ದಿನ ಕಲಿತರೆ ಒಳಗೆ ಸೇರಿಸ್ಕೊಳ್ತಿದ್ದರು. ಬೇರೆ ಗಣಿಯಿಂದ ಅಲೆದು ಬಂದ ಸದಸ್ಯನಿಗೆ ಒಂದು ರಾತ್ರಿ ಜಾಗ, ಒಂದು ಹೊತ್ತು ಊಟ ಗ್ಯಾರಂಟಿ. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಹೋದವನಿಗೆ, ನಾವು ಸಿಲಿಕೋಸಿಸ್ ಅಂತೀವಲ್ಲ ಆ ಕಾಯಿಲೆಯವನಿಗೆ, ಕೂಟದವರು ಒಂದು ಪುಸ್ತಕ ಬರೆದುಕೊಡ್ತಿದ್ದರು. ಅದನ್ನ ಹಿಡ್ಕೊಂಡು ಅವನು ಗಣಿಯಿಂದ ಗಣಿಗೆ ಹೋಗಬೇಕು, ಅಲ್ಲಿನವರು ಚಂದಾ ಎತ್ತಿ ಕೊಟ್ಟು ಪುಸ್ತಕದಲ್ಲಿ ಗುರುತು ಹಾಕಬೇಕು. ಅವತ್ತಿನ ಹೆಲ್ತ್ ಇನ್ಶೂರೆನ್ಸ್ ಅಂದರೆ ಇದೇ. ಸತ್ತ ಗುರುವಿಗೆ ಶಿಷ್ಯರು ನಿಲ್ಲಿಸಿದ ಸಮಾಧಿ ಕಲ್ಲುಗಳು ಅಶಿಯೊದಲ್ಲಿ ಇವತ್ತಿಗೂ ಇವೆ. ಎರಡನೇ ಮಹಾಯುದ್ಧದಲ್ಲಿ ಬಲವಂತವಾಗಿ ತಂದು ದುಡಿಸಿದವರಿಗೆ ಅಂಥ ಗುರುವೂ ಇರಲಿಲ್ಲ. ಕೊರಿಯಾದವರನ್ನ ತಂದರು, ಚೀನಾದಿಂದ 257 ಮಂದಿಯನ್ನ ತಂದರು. ಆ 257ರಲ್ಲಿ 109 ಜನ ಸತ್ತರು.

ಮುಂದಿನದನ್ನ ಬೇಗ ಹೇಳ್ತೀನಿ. 1956ರಲ್ಲಿ ಹೊಸ ಬಗೆಯ ಕುಲುಮೆ ಬಂದು ಹೊಗೆಯ ಗಂಧಕ ಹಿಡಿಯೋದು ಸಾಧ್ಯ ಆಯ್ತು, ಅಂದರೆ ಆ ಆದೇಶ ಬಂದು ಸುಮಾರು ಅರವತ್ತು ವರ್ಷಕ್ಕೆ. 1958ರಲ್ಲಿ ಗಣಿ ತ್ಯಾಜ್ಯದ ಗುಡ್ಡೆಯೊಂದು ಕುಸಿದು ಮತ್ತೆ ಗದ್ದೆಗಳಿಗೆ ನುಗ್ಗಿತು. 1971ರಲ್ಲಿ ಅಲ್ಲಿನ ಅಕ್ಕಿಯಲ್ಲಿ ಕ್ಯಾಡ್ಮಿಯಂ ಸಿಕ್ಕಿತು. 1973ರಲ್ಲಿ ಗಣಿ ಮುಚ್ಚಿತು. 1974ರಲ್ಲಿ ಕಂಪನಿ ರೈತರಿಗೆ 155 ಕೋಟಿ ಯೆನ್ ಪರಿಹಾರ ಕೊಡೋಕೆ ಒಪ್ಪಿತು. ತನಕಾ ಸದನದಲ್ಲಿ ಪ್ರಶ್ನೆ ಕೇಳಿ 83 ವರ್ಷ ಆಗಿತ್ತು.

ಮುಗೀತಾ? ಇಲ್ಲ. 2011ರ ಮಾರ್ಚ್ 11ರ ಭೂಕಂಪ, ಸುನಾಮಿ, ಫುಕುಶಿಮಾ ನಮಗೆಲ್ಲ ನೆನಪಿದೆ. ಅದೇ ದಿನ 1958ರಲ್ಲಿ ಕುಸಿದಿದ್ದ ಅದೇ ಗುಡ್ಡೆ ಮತ್ತೆ ಜಾರಿತು. ವತರಾಸೆ ನೀರಿನಲ್ಲಿ ಸೀಸ ಮಿತಿಯ ಹತ್ತಿರಹತ್ತಿರ ಎರಡು ಪಟ್ಟು ಸಿಕ್ಕಿತು. ಗಣಿ ಮುಚ್ಚಿ 38 ವರ್ಷ ಆದ ಮೇಲೆ!

ಅಶಿಯೊದಲ್ಲಿ ಈಗ 2,000ಕ್ಕಿಂತ ಕಡಿಮೆ ಜನ. ಬೋಳು ಬೆಟ್ಟಕ್ಕೆ ಗಿಡ ನೆಡೋ ಕೆಲಸ 1950ರ ದಶಕದಿಂದ ನಡೀತಾನೇ ಇದೆ. ಮಳೆಗೆ ಮಣ್ಣೇ ಕೊಚ್ಚಿಹೋಗಿ ಬಂಡೆ ಉಳಿದಿರೋ ಕಡೆ ಸಸಿ ಜೊತೆ ಮಣ್ಣನ್ನೂ ಹೊರಬೇಕು. ಸ್ವಯಂಸೇವಕರು, ಶಾಲೆ ಮಕ್ಕಳು ಬೆನ್ನ ಮೇಲೆ ಮಣ್ಣಿನ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಾರೆ. ಕೆಲವು ಇಳಿಜಾರು ಹಸಿರಾಗಿವೆ, ಕೆಲವು ಇನ್ನೂ ಹಾಗೇ ಇವೆ.

ಯನಕಾ ಇದ್ದ ಜಾಗ ಈಗ ಜೊಂಡು ಬೆಳೆದ ದೊಡ್ಡ ಜೌಗು. ವಲಸೆ ಹಕ್ಕಿಗಳು ಬರ್ತವೆ, 2012ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಮ್ಯಾಪ್ ತೆಗೆದು ವತರಾಸೆ ಅಂತ ಹುಡುಕಿ, ಅಲ್ಲೊಂದು ಕೆರೆ ಕಾಣುತ್ತೆ, ಹೆಚ್ಚುಕಡಿಮೆ ಹಾರ್ಟ್ ಆಕಾರದ್ದು. ಜನ ಸೈಕಲ್ ತುಳಿಯೋಕೆ, ಫೋಟೊ ತೆಗೆಯೋಕೆ ಬರ್ತಾರೆ. ಆ ಆಕಾರ ಪ್ರೀತಿ ಪ್ರೇಮಕ್ಕೆ ಬಂದಿದ್ದಲ್ಲ. 1970ರ ದಶಕದಲ್ಲಿ ಕೆರೆ ತೋಡೋ ಯೋಜನೆ ಬಂದಾಗ ಯನಕಾದವರ ಮಕ್ಕಳು, ಮೊಮ್ಮಕ್ಕಳು ಅಡ್ಡ ನಿಂತರು. ನಮ್ಮ ಊರಿನ ಸ್ಮಶಾನ, ಗುಡಿ ಇದ್ದ ಜಾಗ ಮುಟ್ಟಬೇಡಿ ಅಂದರು. ಈ ಸಲ ಸರ್ಕಾರ ಕೇಳಿತು. ಹಾರ್ಟಿನ ಮೇಲ್ಗಡೆ ಒಳಕ್ಕೆ ಬಾಗಿರೋ ಭಾಗ ಇದೆಯಲ್ಲ, ಅದು ಅವರು ಬಿಡಿಸಿಕೊಂಡ ಜಾಗ.