ಪೇಟೆ ಸಭೆಗಳೂ ಅಯ್ಯನವರೂ

ಸ್ಮರಣ ಸಂಚಿಕೆ ಎಂದಮೇಲೆ ಸಭಾಪಾಲಕರ ಭಾವಚಿತ್ರಗಳ ಸಾಲು ಇರಲೇಬೇಕು. ಹೆಸರು, ಅದರ ಕೆಳಗೆ ಬಂದ ವರ್ಷ, ಹೋದ ವರ್ಷ. ಆ ಎರಡು ವರ್ಷಗಳ ನಡುವೆ ಅಯ್ಯನವರಿಗೂ ಸಭೆಯವರಿಗೂ ಹೇಗೆ ನಡೆಯಿತು ಎಂಬುದು ಅಚ್ಚಿಗೆ ಬರುವುದಿಲ್ಲ. ಆರಾಧನೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಬಳಿ ಕೇಳಿಸುತ್ತದೆ, ಅಷ್ಟೆ. ಬೆಂಗಳೂರು ಪೇಟೆಯ ಕನ್ನಡ ಸಭೆಗಳಲ್ಲಿ ಈ ಸಂಬಂಧಕ್ಕೆ ಎರಡು ಬೇರೆ ಬೇರೆ ಬೇರುಗಳಿವೆ. ಇಂದಿನ ನಮ್ಮ ಪ್ರೀತಿಗೂ ಜಗಳಕ್ಕೂ ಅವೇ ಮೂಲ.

ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದಂಗಡಿಗಳ ಸಾಲಿನಲ್ಲಿ ಸಿಗುವ ರೈಸ್ ಸ್ಮಾರಕ ದೇವಾಲಯ ಶಾಸನಗಳ ರೈಸರ ಹೆಸರಿನದೆಂದು ನಂಬಿದವರು ನಮ್ಮ ಸಭೆಯಲ್ಲೇ ಇದ್ದಾರೆ. ಅಲ್ಲ. ಅದು ಬಿ.ಎಲ್. ರೈಸರ ತಂದೆ ಬೆಂಜಮಿನ್ ರೈಸರ ನೆನಪಿನದು. ಈಗಿನ ಕಟ್ಟಡ 1917ರದು. ಮೊದಲ ಬೇರಾದ ಲಂಡನ್ ಮಿಷನ್ 1820ರಲ್ಲೇ ಬೆಂಗಳೂರಿಗೆ ಕಾಲಿಟ್ಟಿತ್ತು. ಅದರ ಮಿಷನರಿ ಬೆಂಜಮಿನ್ ರೈಸರು ಬಂದದ್ದು 1837ರಲ್ಲಿ. ಮಗ ಲೂಯಿಸ್ ಹುಟ್ಟಿದ್ದು ಅದೇ ವರ್ಷ, ಇದೇ ಊರಿನಲ್ಲಿ. 1887ರಲ್ಲಿ ಬೆಂಜಮಿನ್ ರೈಸರು ಕಣ್ಣುಮುಚ್ಚಿದ್ದೂ ಇಲ್ಲಿಯೇ. ಐವತ್ತು ವರ್ಷ! ದೀಕ್ಷಾಸ್ನಾನ ಕೊಟ್ಟ ಕೂಸಿನ ಮದುವೆ ಮಾಡಿಸಿ, ಅದರ ಕೂಸಿಗೂ ನೀರೆರೆಯುವಷ್ಟು ಕಾಲ. 1840ರಲ್ಲಿ ಪೇಟೆಯ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರಲ್ಲಿ ಅವರ ಹೆಂಡತಿಯೂ ಒಬ್ಬರು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸರೂ ಇದೇ ಮನೆಯ ಮಗ. ಅಪ್ಪನ ಹಾದಿಯಲ್ಲೇ ಮಿಷನರಿಯಾದವರು.

ಲಂಡನ್ ಮಿಷನ್ನಿನವರ ಪಂಥದಲ್ಲಿ ಸಭೆಯೇ ದೊಡ್ಡದು. ಸಭೆ ಕೂಡಿ ಕರೆದವನೇ ಪಾಲಕ, ಬೇಡವೆಂದರೆ ಹೊರಡಬೇಕು. ತತ್ವ ಹೀಗೆ. ನಡೆದದ್ದು ಬೇರೆ: ಮಿಷನ್ ದುಡ್ಡಿನಲ್ಲಿ ಸಂಬಳ ಸಾಗುವವರೆಗೂ ಮಿಷನರಿ ದೊರೆಗಳ ಮಾತೇ ಮಾತು. ಕನ್ನಡದ ಉಪದೇಶಕರು ಅವರ ಹಿಂದೆ ನಿಂತವರು. ಆದರೂ ‘ನಮ್ಮ ಸಭೆ, ನಮ್ಮ ಅಯ್ಯನವರು’ ಎಂಬ ಅಭಿಮಾನದ ಬೀಜ ಅಲ್ಲಿ ಬಿತ್ತು.

ಎರಡನೆಯ ಬೇರಾದ ವೆಸ್ಲಿಯನ್ನರ ರೀತಿಯೇ ಬೇರೆ. 1821ರಲ್ಲಿ ಬಂದ ಅವರಿಗೆ ಪಾಲಕ ಎಂದರೆ ಸುತ್ತುವವನು. ಕೆಲವು ವರ್ಷ ಒಂದೂರು, ಆಮೇಲೆ ಇನ್ನೊಂದು. ಬೇರೂರಬಾರದು ಎಂಬುದು ವೆಸ್ಲಿಯವರ ಕಾಲದಿಂದಲೂ ಕಟ್ಟಳೆ. ಹಾಗಾದರೆ ಸಭೆಯನ್ನು ನೋಡಿಕೊಳ್ಳುವವರು ಯಾರು? ಹತ್ತು ಹನ್ನೆರಡು ಮಂದಿಯ ‘ಕ್ಲಾಸ್’, ಅದಕ್ಕೊಬ್ಬ ಲೀಡರ್. ಸಂಬಳವಿಲ್ಲದ ಆ ಮೇಷ್ಟ್ರೋ ಗುಮಾಸ್ತರೋ ವಾರವಾರವೂ ಜನರ ಕಷ್ಟಸುಖ ವಿಚಾರಿಸುತ್ತಿದ್ದರು. ನನ್ನ ಕೇಳಿದರೆ ಅರ್ಧ ಸಭಾಪಾಲನೆ ಅವರದೇ. ಯಾವ ಭಾವಚಿತ್ರದ ಸಾಲಿನಲ್ಲೂ ಅವರಿಲ್ಲ.

ಕಾರ್ಪೊರೇಷನ್ ಬಳಿಯ 1904ರ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ನರದು. ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ನರ ಹೆಸರಿನದು. 1859ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ ಥಾಮಸ್ ಹಾಡ್ಸನ್ ಬೇರೆಯವರು. ಇಬ್ಬರನ್ನೂ ಒಬ್ಬರೇ ಮಾಡಿ ಭಾಷಣ ಬಿಗಿಯುವವರಿಗೆ ಈ ಸೂಚನೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಈ ಎರಡು ಹೊಳೆಗಳೂ ಒಂದೇ ಪಾತ್ರಕ್ಕೆ ಬಂದವು. ಮೂರನೆಯದಾಗಿ ಆಂಗ್ಲಿಕನ್ನರ ಬಿಷಪ್ ಪದವಿಯೂ ಸೇರಿತು. ಮೈಸೂರು ಸಭಾಪ್ರಾಂತದ ಮೊದಲ ಬಿಷಪ್ ಪಿ. ಗುರುಶಾಂತ, ಹೆಸರಿನಲ್ಲೇ ಈ ನೆಲದ ವಾಸನೆ. ಇಂದು ಪಾಲಕರನ್ನು ಕಳಿಸುವವರು ಬಿಷಪ್, ಕಮಿಟಿಯನ್ನು ಆರಿಸುವವರು ನಾವು, ಆ ಕಮಿಟಿಯ ಅಧ್ಯಕ್ಷರು ಪಾಲಕರು. ಆರಿಸಿಕೊಳ್ಳದವರನ್ನು ನಮ್ಮವರೆಂದು ಒಪ್ಪಿಕೊಳ್ಳುವುದು, ಒಪ್ಪಿಕೊಂಡ ಹೊತ್ತಿಗೆ ಬೀಳ್ಕೊಡುವುದು ನಮ್ಮ ಪಾಲಿಗೆ ಬಂತು. ವರ್ಗಾವಣೆ ಬೇಡವೆಂದು ಅರ್ಜಿ ಬರೆದ ಕೈಯೇ ಮುಂದಿನವರನ್ನು ಬೇಗ ಕಳಿಸಿ ಎಂದೂ ಬರೆದದ್ದುಂಟು. 1970ರಲ್ಲಿ ಸಭಾಪ್ರಾಂತ ಮೂರಾಯಿತು, ಬೆಂಗಳೂರು ಕರ್ನಾಟಕ ಮಧ್ಯಕ್ಕೆ ಸೇರಿತು. ಆದರೆ ಪಾಲಕರ ಈ ಏರ್ಪಾಟು ಬದಲಾಗಲಿಲ್ಲ.

ಬದಲಾದದ್ದು ದೂರ. 1892ರಲ್ಲಿ ಚಾಮರಾಜಪೇಟೆ, ಪ್ಲೇಗಿನ 1898ರಲ್ಲಿ ಬಸವನಗುಡಿ, ಮಲ್ಲೇಶ್ವರ ಎದ್ದವು. ಪೇಟೆಯ ಗಲ್ಲಿಗಳಿಂದ ಜನ ಹೊರಗೆ ಹರಡಿದರು. ಕಾಲ್ನಡಿಗೆಯಲ್ಲಿ ಮುಗಿಯುತ್ತಿದ್ದ ಮನೆ ಭೇಟಿಗೆ ಸೈಕಲ್ ಬಂತು, ಸ್ಕೂಟರ್ ಬಂತು. ಈಗ ಕೆಂಗೇರಿಯಲ್ಲೊಂದು ಮನೆ, ಯಲಹಂಕದಲ್ಲೊಂದು. ‘ಅಯ್ಯನವರು ನಮ್ಮ ಮನೆಗೆ ಬಂದೇ ಇಲ್ಲ’ ಎಂದು ದೂರುವ ಮುಂಚೆ ನಡುವಿನ ಸಿಗ್ನಲ್‌ಗಳನ್ನು ಎಣಿಸುವುದು ಒಳ್ಳೆಯದು. ಅಷ್ಟಾಗಿಯೂ ಪರೀಕ್ಷೆಗೆ ಹೋಗುವ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಕೂಗಿ, ಅದೇ ಸಂಜೆ ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣು ಹಾಕಿ ಬರುವವರು ಅವರೇ.

ಪಾಲಕರನ್ನು ಅವರ ಕನ್ನಡದಿಂದ ಅಳೆಯುವ ಚಾಳಿಯೂ ನಮಗಿದೆ. ತಪ್ಪೇನಿಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಕರೆದದ್ದು ಬಾಸೆಲ್ ಮಿಷನ್ನಿನಲ್ಲಿ ಪಾಲಕರಾಗಿದ್ದ ಉತ್ತಂಗಿ ಚೆನ್ನಪ್ಪನವರನ್ನು. ಸರ್ವಜ್ಞನ ವಚನಗಳಿಗಾಗಿ ಊರೂರು ಅಲೆದ ಅಯ್ಯನವರು ಅವರು.

ಹಳೆಯ ಸಭಾಪಾಲಕರು ಬರೆದ ಕಾಗದ, ಕ್ಲಾಸ್ ಲೀಡರುಗಳ ಲೆಕ್ಕದ ಪುಸ್ತಕ, ಬೀಳ್ಕೊಡುಗೆಯ ಗುಂಪು ಫೋಟೊ ನಿಮ್ಮ ಟ್ರಂಕಿನಲ್ಲಿದ್ದರೆ, ಫೋಟೊದಲ್ಲಿರುವವರ ಹೆಸರು ಗೊತ್ತಿರುವ ಅಜ್ಜಿ ಇನ್ನೂ ಮನೆಯಲ್ಲಿರುವಾಗಲೇ ಬೆನ್ನಿಗೆ ಬರೆಸಿ, ಒಂದು ಜೆರಾಕ್ಸ್ ಸಭೆಯ ಕಾರ್ಯದರ್ಶಿಗೆ ತಲುಪಿಸಿ. ಮೂಲ ನಿಮ್ಮಲ್ಲೇ ಇರಲಿ.