ಇಡೀ ರೋಗಿಯನ್ನು ನೋಡುವವರು ಯಾರು?

ಎದೆಗೆ ಒಬ್ಬ ವೈದ್ಯ, ಹೊಟ್ಟೆಗೆ ಇನ್ನೊಬ್ಬ, ಮೂತ್ರಪಿಂಡಕ್ಕೆ ಮತ್ತೊಬ್ಬ. ಈ ವ್ಯವಸ್ಥೆಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ಇದಕ್ಕೂ ಒಂದು ಚರಿತ್ರೆಯಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಆ ಚರಿತ್ರೆಯ ದೊಡ್ಡ ಪಾಲು ನಡೆದದ್ದು ಅಮೆರಿಕದ ಆಸ್ಪತ್ರೆಗಳಲ್ಲಿ.

‘ಇಂಟರ್ನಲ್ ಮೆಡಿಸಿನ್’ ಎಂಬ ಹೆಸರು ಬಂದದ್ದು ಜರ್ಮನಿಯಿಂದ. ಅದರ ಮೊದಲ ಸಮ್ಮೇಳನ 1882ರಲ್ಲಿ ವೀಸ್‌ಬಾಡೆನ್ ನಗರದಲ್ಲಿ ಸೇರಿತು. ವೈದ್ಯವಿದ್ಯೆ ಶಾಖೆಗಳಾಗಿ ಒಡೆಯುತ್ತಿದ್ದ ಕಾಲದಲ್ಲಿ ದೇಹವನ್ನು ಒಟ್ಟಾಗಿ ನೋಡುವ ದೃಷ್ಟಿಯನ್ನು ಉಳಿಸಿಕೊಳ್ಳುವ ಹಂಬಲ ಅದರ ಹಿಂದಿತ್ತು. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ತರಗತಿಯಿಂದ ರೋಗಿಯ ಮಂಚದ ಬಳಿಗೆ ಕರೆದೊಯ್ದರು. ಎಳೆಯ ವೈದ್ಯರು ಆಸ್ಪತ್ರೆಯಲ್ಲೇ ವಾಸವಿದ್ದು ಕಲಿಯುತ್ತಿದ್ದರು. ‘ರೆಸಿಡೆಂಟ್’ ಎಂಬ ಪದದ ಅರ್ಥವೇ ಅದು.

ಈ ವಿದ್ಯೆಗೆ ಪ್ರಮಾಣಪತ್ರ ಕೊಡುವ ಮಂಡಳಿ ಅಮೆರಿಕದಲ್ಲಿ 1936ರಲ್ಲಿ ಸ್ಥಾಪನೆಯಾಯಿತು. ಕೆಲವೇ ವರ್ಷಗಳಲ್ಲಿ ಹೃದಯ, ಜಠರ, ಕ್ಷಯ, ಅಲರ್ಜಿಗಳಿಗೆ ಪ್ರತ್ಯೇಕ ಪತ್ರಗಳು ಬಂದವು. 1970ರ ದಶಕದಲ್ಲಿ ಮೂತ್ರಪಿಂಡ, ರಕ್ತ, ಕ್ಯಾನ್ಸರ್‌ಗಳೂ ಬೇರೆಯಾದವು. ಜ್ಞಾನ ಬೆಳೆದಂತೆ ಇದು ಅನಿವಾರ್ಯವಾಗಿತ್ತು ನಿಜ. ಆದರೆ ಯುವ ವೈದ್ಯರ ಆಯ್ಕೆಯನ್ನು ಜ್ಞಾನವೊಂದೇ ನಿರ್ಧರಿಸಲಿಲ್ಲ. ಆಂಜಿಯೋಗ್ರಾಂ, ಎಂಡೋಸ್ಕೋಪಿಗಳಿಗೆ ಸಿಗುವ ಶುಲ್ಕ, ಅರ್ಧ ಗಂಟೆ ಕುಳಿತು ರೋಗಿಯ ಮಾತು ಕೇಳುವುದಕ್ಕೆ ಸಿಗುವುದಿಲ್ಲ. ಆದ್ದರಿಂದಲೇ ಮೂರು ವರ್ಷದ ರೆಸಿಡೆನ್ಸಿ ಮುಗಿಸಿದವರು ಇನ್ನೂ ಮೂರು ವರ್ಷ ಓದಬೇಕಾದ ಹೃದಯ ಮತ್ತು ಜಠರ ವಿಭಾಗಗಳಿಗೆ ಮುಗಿಬೀಳುತ್ತಾರೆ. ಒಂದೇ ವರ್ಷದ ವೃದ್ಧರ ಚಿಕಿತ್ಸಾ ತರಬೇತಿಯಲ್ಲಿ ಸೀಟುಗಳು ಖಾಲಿ ಉಳಿಯುತ್ತವೆ. 1996ರಲ್ಲಿ ‘ಹಾಸ್ಪಿಟಲಿಸ್ಟ್’ ಎಂಬ ಹೊಸ ಪದ ಹುಟ್ಟಿತು. ಆಸ್ಪತ್ರೆಯೊಳಗಿನ ರೋಗಿಯನ್ನು ಮಾತ್ರ ನೋಡುವ ವೈದ್ಯ ಇವನು. ಸಾಮಾನ್ಯ ವೈದ್ಯನಾಗಿ ಉಳಿದವನಲ್ಲೂ ಹಲವರು ಹೀಗೆ ಹೊರರೋಗಿಗಳಿಂದ ದೂರವಾದರು.

ಹಾಗಾದರೆ ಉಳಿದ ಕೆಲಸ ಯಾರ ಪಾಲಿಗೆ? 1965ರ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲು ತೆರೆದ ಮೇಲೆ ಮೈಸೂರು, ಬೆಂಗಳೂರು, ಮಣಿಪಾಲಗಳಲ್ಲಿ ಓದಿದವರೂ ಅಲ್ಲಿಗೆ ಹೋದರು. ಇಂದು ಅಮೆರಿಕದ ವೈದ್ಯರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಹೊರದೇಶಗಳಲ್ಲಿ ಕಲಿತವರು. ಇಂಟರ್ನಲ್ ಮೆಡಿಸಿನ್‌ನಲ್ಲಿ ಅವರ ಪಾಲು ಇನ್ನೂ ಹೆಚ್ಚು. 1994ರಿಂದ ಜಾರಿಯಲ್ಲಿರುವ ಒಂದು ಏರ್ಪಾಡಿನಂತೆ, ವೈದ್ಯರ ಕೊರತೆಯಿರುವ ಊರುಗಳಲ್ಲಿ ಮೂರು ವರ್ಷ ದುಡಿದರೆ ಅವರು ಸ್ವದೇಶಕ್ಕೆ ಮರಳದೆ ಅಲ್ಲೇ ಉಳಿಯಬಹುದು.

ನಮ್ಮ ತಾಲೂಕು ಆಸ್ಪತ್ರೆಗಳಿಗೆ ಫಿಜಿಶಿಯನ್ ಸಿಗುವುದು ಕಷ್ಟವಾಗಿರುವಾಗ, ನಾವು ಅಮೆರಿಕದ ಹಳ್ಳಿಗಳ ಕೊರತೆ ತುಂಬುತ್ತಿದ್ದೇವೆ. ನಮ್ಮಲ್ಲೂ ಏಣಿ ಅದೇ: ಎಂ.ಡಿ. ಮೂರು ವರ್ಷ, ಮೇಲೆ ಡಿ.ಎಂ. ಮೂರು ವರ್ಷ. ಆ ಏಣಿ ಹತ್ತುವವರನ್ನು ದೂರಿ ಫಲವಿಲ್ಲ. ರೋಗಿಯ ಮಾತು ಕೇಳುವ ಕೆಲಸಕ್ಕೆ ಸಮಾಜ ಬೆಲೆ ಕಟ್ಟುವವರೆಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಮೂರನ್ನೂ ಹೊತ್ತ ಮುದುಕಿ ಮೂರು ಚೀಟಿ ಹಿಡಿದು ಮೂರು ಬಾಗಿಲು ತಟ್ಟುತ್ತಲೇ ಇರುತ್ತಾಳೆ.